ಚಿಕ್ಕಲಸಂದ್ರದ ಸೈಟು ಮಾರಿದ ವರ್ಷ

ಹೋದ ವಾರ ಚಿಕ್ಕಲಸಂದ್ರಕ್ಕೆ ಹೋಗಿದ್ದೆ. ಮಂಡಿನೋವಿನಿಂದ ಮೆಟ್ಟಿಲಿಳಿಯಲಾಗದ ಹಿರಿಯರೊಬ್ಬರ ಕಾಗದಪತ್ರಗಳನ್ನು ಅವರ ಮನೆಯಿಂದಲೇ ತರಬೇಕಿತ್ತು. ವಾಪಸು ಬರುವಾಗ ಆಟೊ ಸಿಗದೆ ಒಳರಸ್ತೆ ಹಿಡಿದು ನಡೆದೆ. ಒಂದು ತಿರುವಿನಲ್ಲಿ ಹೊಸ ಸಿಮೆಂಟಿಗೆ ನೀರು ಹೊಡೆದ ವಾಸನೆ ಮೂಗಿಗೆ ಬಡಿಯಿತು. ತಲೆಯೆತ್ತಿ ನೋಡಿದರೆ ನಮ್ಮ ಸೈಟು. ಅಂದರೆ, ಒಂದು ಕಾಲಕ್ಕೆ ನಮ್ಮದಾಗಿದ್ದ ಸೈಟು. ಅಲ್ಲೀಗ ಮೂರು ಮಹಡಿ ಎದ್ದು ನಿಂತಿತ್ತು. ಮೇಲಿನ ಗೋಡೆಗೆ ಒಬ್ಬ ಪೈಪು ಹಿಡಿದು ನೀರು ಬಿಡುತ್ತಿದ್ದ. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು.

2024ರ ಆಷಾಢದಿಂದ ಮುಂದಿನ ಮಾರ್ಚ್‌ವರೆಗಿನ ಆ ಒಂಬತ್ತು ತಿಂಗಳು ನನ್ನನ್ನು ಎಷ್ಟು ಸಲ ದಂಗುಬಡಿಸಿದವು ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಆಘಾತ ಎಂಬ ಪದವನ್ನು ಟಿವಿಯವರು ದಿನಕ್ಕೆ ಹತ್ತು ಸಲ ಬಳಸಿ ಸವೆಸಿಬಿಟ್ಟಿದ್ದಾರೆ. ಆದರೂ ನನಗೆ ಬೇರೆ ಪದ ತೋಚುತ್ತಿಲ್ಲ.

ನನ್ನದು ತೆರಿಗೆಯ ಕೆಲಸ. ಹನುಮಂತನಗರದಲ್ಲಿ ಕಾಫಿಪುಡಿ ಅಂಗಡಿಯ ಮೇಲಿನ ಒಂದು ಕೋಣೆಯೇ ಆಫೀಸು. ಸಂಬಳದವರು, ಪಿಂಚಣಿಯವರು, ಸಣ್ಣ ವ್ಯಾಪಾರಿಗಳು ಬರುತ್ತಾರೆ. ಅವರ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ತುಂಬಿಕೊಡುತ್ತೇನೆ, ವರ್ಷ ಮುಗಿಯುವ ಮೊದಲು ಎಲ್ಲಿ ಎಷ್ಟು ಉಳಿಸಬಹುದೆಂದು ಹೇಳುತ್ತೇನೆ. ಹೇಳುವುದು ಹೆಸರಿಗೆ ಮಾತ್ರ. ನಮ್ಮ ಕಡೆಯ ಜನ ತೆರಿಗೆಯ ಯೋಚನೆ ಮಾಡುವುದು ಮಾರ್ಚ್ ಕೊನೆಯ ವಾರದಲ್ಲಿ. ಅದುವರೆಗೆ ಹಾಯಾಗಿದ್ದು, ಆಮೇಲೆ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ "ಮೇಡಂ, ಏನಾದ್ರೂ ಮಾಡಿ" ಎನ್ನುತ್ತಾರೆ. ತೆರಿಗೆಯ ಹೊಸ ಪದ್ಧತಿ ಬಂದು ವಿಮೆ ಪಾಲಿಸಿಗೆ ಅಲ್ಲಿ ಕಾಸಿನ ವಿನಾಯಿತಿಯೂ ಇಲ್ಲವೆಂದಾದ ಮೇಲೂ, ಹೊಸ ಪದ್ಧತಿಯನ್ನೇ ಆರಿಸಿಕೊಂಡ ಮಹಾನುಭಾವರೊಬ್ಬರು ಮಾರ್ಚಿನಲ್ಲಿ ಅಭ್ಯಾಸಬಲದಿಂದ ಇನ್ನೊಂದು ಪಾಲಿಸಿ ಕೊಂಡು ಬಂದಿದ್ದರು. ನಾನು ಬೈದೆ. ನಾನು ಬೈಯುತ್ತೇನೆಂದು ಗೊತ್ತಿದ್ದೇ ಅವರೆಲ್ಲ ಬರುತ್ತಾರೆ.

ನಮ್ಮ ಮನೆ ಅಲ್ಲಿಂದ ನಡೆದು ಹೋಗುವಷ್ಟೇ ದೂರ, ಶ್ರೀನಗರದಲ್ಲಿ. ಮನೆಯಲ್ಲಿ ನಾನು, ನನ್ನ ಗಂಡ ಗಂಗಾಧರ, ಮತ್ತು ಅತ್ತೆ ಗಿರಿಜಮ್ಮ. ಅತ್ತೆ ಅರಸೀಕೆರೆ ಕಡೆಯವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ದುಡಿದು ನಿವೃತ್ತಿಯಾದವರು. ಚಿಕ್ಕಲಸಂದ್ರದಲ್ಲಿ ರಾಗಿ ಬೆಳೆಯುತ್ತಿದ್ದ ಕಾಲಕ್ಕೇ ಸಂಬಳದಲ್ಲಿ ಕಂತು ಕಟ್ಟಿ ಆ ಸೈಟು ಮಾಡಿಕೊಂಡಿದ್ದರು. ಮಾವ ಬದುಕಿದ್ದಾಗ "ನಿನ್ನ ಜಮೀನ್ದಾರಿಕೆ ಹೇಗಿದೆ?" ಎಂದು ರೇಗಿಸುತ್ತಿದ್ದರಂತೆ. ಯಾರೂ ಅಲ್ಲಿ ಕಸ ಸುರಿದಿಲ್ಲವಷ್ಟೇ ಎಂದು ನೋಡಿಕೊಂಡು ಬರಲು ಅತ್ತೆ ಆಗಾಗ ಕೊಡೆ ಹಿಡಿದು ಬಸ್ಸು ಹತ್ತುತ್ತಿದ್ದರು.

ಅತ್ತೆಗೆ ಇನ್ನೊಂದು ಅಧಿಕಾರವೂ ಇತ್ತು. ನಮ್ಮ ಬಳಗದಲ್ಲಿ ಯಾರು ಏನು ಮಾಡಬೇಕಾದರೂ ದಿನ ಹೇಳುವವರು ಅವರೇ. ಕಾರು ತರಲಿ, ಬೋರ್‌ವೆಲ್ ಕೊರೆಸಲಿ, ಹೆಣ್ಣು ನೋಡಲು ಹೊರಡಲಿ, ಮೊದಲು ಗಿರಿಜಮ್ಮನಿಗೆ ಫೋನು. ಅಡುಗೆಮನೆಯ ಗೋಡೆಯಲ್ಲಿದ್ದ ಪಂಚಾಂಗದ ಕ್ಯಾಲೆಂಡರನ್ನು ಕನ್ನಡಕ ಏರಿಸಿ ನೋಡಿ, "ಗುರುವಾರ ಹತ್ತು ಗಂಟೆ ಮೇಲೆ ಹೊರಡ್ರಿ" ಎಂದರೆ ಮುಗಿಯಿತು. ಎಕ್ಸ್‌ಚೇಂಜಿನಲ್ಲಿ ಕರೆ ಜೋಡಿಸುತ್ತಿದ್ದ ಗತ್ತು ಆ ದನಿಯಲ್ಲಿ ಹಾಗೇ ಉಳಿದಿತ್ತು. ನಾನು ಬಾಯಿ ಬಡುಕಿಯಾದರೂ ಆ ವಿಷಯಕ್ಕೆ ತಲೆ ಹಾಕುತ್ತಿರಲಿಲ್ಲ.

ಆ ವರ್ಷ ಜೂನಿನಲ್ಲಿ ನನ್ನ ನಾದಿನಿ ಶೈಲಜಾಗೆ ಕಷ್ಟ ಬಂತು. ಅವಳು ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದಳು. ಮನೆ ಮಾಲೀಕರು ಹಳೆಯ ಕಟ್ಟಡ ಕೆಡವಿ ಪಿಜಿ ಕಟ್ಟಿಸುತ್ತೇವೆ, ಮಾರ್ಚ್ ಒಳಗೆ ಖಾಲಿ ಮಾಡಿ ಎಂದರು. ಅವಳ ಸಂಸಾರ ಮನೆಯಿಂದ ಮನೆಗೆ ಗಂಟುಮೂಟೆ ಹೊತ್ತು ಸುಸ್ತಾಗಿತ್ತು. ಅತ್ತೆ ಅವತ್ತೇ ತೀರ್ಮಾನ ಹೇಳಿದರು. ಶ್ರೀನಗರದ ಮನೆ ಹೇಗೂ ಮಗನದು. ಸೈಟು ಮಾರಿ ಮಗಳಿಗೆ ಒಂದು ಫ್ಲ್ಯಾಟು.

ನಾನು ನನ್ನ ಪಾಠ ಒಪ್ಪಿಸಿದೆ. "ಅತ್ತೆ, ಸೈಟು ನಿಮ್ಮ ಹೆಸರಲ್ಲಿದೆ. ಮಾರಿದ ಹಣವನ್ನೆಲ್ಲ ಹಾಕಿ ನಿಮ್ಮ ಹೆಸರಲ್ಲೇ ಮನೆ ಕೊಂಡ್ರೆ ಲಾಭದ ಮೇಲೆ ಒಂದು ಪೈಸೆ ತೆರಿಗೆ ಇಲ್ಲ. ಶೈಲಾ ಹೆಸರಲ್ಲಿ ಕೊಂಡ್ರೆ ಪೂರ್ತಿ ಕಟ್ಬೇಕು."

ಅತ್ತೆ ಕೈಯಾಡಿಸಿದರು. "ಅವಳ ಮನೆ ಅವಳ ಹೆಸರಲ್ಲೇ ಇರ್ಲಿ ಬಿಡೇ. ಬಾಡಿಗೆ ಮನೇಲಿದ್ದು ಸಾಕಾಗಿದೆ ಅವಳಿಗೆ. ತೆರಿಗೆ ಕಟ್ಟಿದ್ರಾಯ್ತು."

ಇದನ್ನು ನೆನಪಿಟ್ಟುಕೊಳ್ಳಬೇಕು. ಮಗಳು ಇನ್ನೊಬ್ಬರ ಹೆಸರಿನ ಮನೆಯಲ್ಲಿ ಇರಬಾರದೆಂದು ಅತ್ತೆ ಅಷ್ಟೂ ತೆರಿಗೆ ಕಟ್ಟಲು ಸಿದ್ಧರಿದ್ದರು.

ಹಾರ್ಡ್‌ವೇರ್ ಅಂಗಡಿಯ ಯಜಮಾನರೊಬ್ಬರು ಸೈಟು ಒಪ್ಪಿದರು. ಮಾತು ಮುಗಿಯುವ ಹೊತ್ತಿಗೆ ಆಷಾಢ ಬಾಗಿಲಿಗೇ ಬಂದಿತ್ತು. ಆಷಾಢದಲ್ಲಿ ನಮ್ಮವರು ಆಸ್ತಿ ರಿಜಿಸ್ಟರ್ ಮಾಡಿಸುವುದಿಲ್ಲ. ಭೀಮನ ಅಮಾವಾಸ್ಯೆ ಕಳೆದು ಶ್ರಾವಣ ಹುಟ್ಟಲಿ ಎಂದರು ಅತ್ತೆ. ಕೊಳ್ಳುವವರೂ "ನಾನೇ ಹೇಳೋಣ ಅಂತಿದ್ದೆ ಅಮ್ಮ" ಎಂದು ಖುಷಿಯಾಗಿ ಹೋದರು. ಶೈಲಾ ಮಾತ್ರ ಸಿಡಿಮಿಡಿಗೊಂಡಳು. "ಒಂದು ತಿಂಗಳು ಸುಮ್ನೆ ಯಾಕಮ್ಮ ಕೂರೋದು?" ಎಂದಳು. ಅವಳ ಮಾತು ಅಲ್ಲಿಗೇ ನಿಂತಿತು.

ಅದು ಜುಲೈ. ರಿಟರ್ನ್ಸಿಗೆ ಕೊನೆಯ ತಿಂಗಳು, ನನಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಹೊರಗೆ ಆಷಾಢದ ಗಾಳಿ, ತುಂತುರು. ಒಳಗೆ ಒದ್ದೆ ಕೊಡೆಗಳನ್ನು ಬಾಗಿಲಿಗೆ ಆನಿಸಿ ಕೂತ ಜನ. ಬಜೆಟ್ ದಿನ ಫೋನಿನಲ್ಲಿ ಭಾಷಣ ಹಾಕಿ ಮೇಜಿನ ಮೇಲಿಟ್ಟುಕೊಂಡು ಕೆಲಸ ಮಾಡುತ್ತಿದ್ದೆ. ಆಸ್ತಿ ಮಾರಾಟದ ಲಾಭಕ್ಕೆ ಇದ್ದ ಇಂಡೆಕ್ಸೇಷನ್ ಸೌಲಭ್ಯವನ್ನು ತೆಗೆದಿದ್ದಾರೆ, ಅದೂ ಅವತ್ತಿನಿಂದಲೇ ಜಾರಿ, ಎಂಬ ಸುದ್ದಿ ಕಿವಿಗೆ ಬಿದ್ದಾಗ ಕೈಯಲ್ಲಿದ್ದ ಪೆನ್ನು ಜಾರಿತು. ಯಾವಾಗಲೋ ಕೊಂಡ ಆಸ್ತಿಯ ಬೆಲೆಯನ್ನು ಇಷ್ಟು ವರ್ಷಗಳ ಬೆಲೆಯೇರಿಕೆಗೆ ತಕ್ಕಂತೆ ಹಿಗ್ಗಿಸಿ, ಲಾಭವನ್ನು ಕಡಿಮೆ ತೋರಿಸಲು ಕಾನೂನೇ ಕೊಟ್ಟಿದ್ದ ದಾರಿ ಅದು. ನಾಳೆಯಿಂದ ಅಂದಿದ್ದರೂ ಉಸಿರು ಬಿಡಬಹುದಿತ್ತು. ಎದುರು ಕೂತಿದ್ದ ಬ್ಯಾಂಕಿನ ನಿವೃತ್ತ ಅಧಿಕಾರಿ "ಏನಾಯ್ತು ಮೇಡಂ, ಹುಷಾರಿಲ್ವಾ?" ಎಂದು ಕೇಳಿದರು.

ಅವರನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ. ಅತ್ತೆ ಮೊರದಲ್ಲಿ ಮೆಂತ್ಯ ಸೊಪ್ಪು ಹರಡಿಕೊಂಡು ಬಿಡಿಸುತ್ತಿದ್ದರು. ನಾನು ಚಪ್ಪಲಿ ಕಳಚುವಷ್ಟರಲ್ಲಿ ಆಟೊ ಬಂದು ನಿಂತು ಶೈಲಾ ಇಳಿದಳು. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಅವಳ ವಾಟ್ಸಾಪಿನಲ್ಲಿ ಆಗಲೇ ಯಾರೋ "ಹಳೇ ಆಸ್ತಿ ಮಾರೋರು ಮುಳುಗಿದ್ರು" ಎಂದು ಬರೆದು ಕಳಿಸಿದ್ದರು.

"ನೋಡಿದ್ಯಾಮ್ಮ? ನೋಡಿದ್ಯಾ ನಿನ್ನ ಆಷಾಢ ಏನ್ ಮಾಡ್ತು?"

"ಕೂತ್ಕೊ ಶೈಲಾ, ಲೆಕ್ಕ ಇನ್ನೂ ಆಗಿಲ್ಲ" ಎಂದೆ ನಾನು. ಅದು ನಿಜವೇ. ಅಷ್ಟು ಹಳೆಯ ಆಸ್ತಿಗೆ 2001ರಲ್ಲಿ ಇದ್ದ ಬೆಲೆಯನ್ನು ಹಿಡಿದು ಲೆಕ್ಕ ಹಾಕಬೇಕು. ಬೆಲೆ ಕಟ್ಟುವ ಎಂಜಿನಿಯರು ಆ ವರದಿಯನ್ನು ಇನ್ನೂ ಕೊಟ್ಟಿರಲಿಲ್ಲ. ಆದರೆ ಶೈಲಾಳ ಕಿವಿಗೆ ಏನೂ ಹೋಗುತ್ತಿರಲಿಲ್ಲ.

"ಅವತ್ತೇ ರಿಜಿಸ್ಟರ್ ಮಾಡ್ಸಿದ್ರೆ ಮುಗ್ದೋಗ್ತಿತ್ತು. ಎಲ್ಲದಕ್ಕೂ ದಿನ, ಎಲ್ಲದಕ್ಕೂ ಗಳಿಗೆ. ನನ್ನ ಮದುವೆಗೂ ಹೀಗೇ ಎಳೆದಾಡಿದೆ. ನೀನಿರೋವರೆಗೂ ನಂಗೆ ಒಂದು ಮನೆ ಅಂತ ಆಗಲ್ಲಮ್ಮ. ನೀನಿರೋವರೆಗೂ ಆಗಲ್ಲ."

ಬಜೆಟ್ಟಿಗೆ ಪೆನ್ನು ಜಾರಿತ್ತು. ಈ ಮಾತಿಗೆ ನನ್ನ ನಾಲಿಗೆಯೇ ಬಿದ್ದುಹೋಯಿತು. ಅತ್ತೆ ಮುಖ ಎತ್ತಲಿಲ್ಲ. ಬಿಡಿಸಿದ ಸೊಪ್ಪನ್ನು ದಂಟಿನ ರಾಶಿಗೆ ಹಾಕುತ್ತಾ, ದಂಟನ್ನು ಪಾತ್ರೆಗೆ ಹಾಕುತ್ತಾ ಹೋದರು. ಶೈಲಾ ಅಳುತ್ತಾ ಹೊರಟುಹೋದ ಮೇಲೆ ಮೊರವನ್ನು ನನ್ನ ಕಡೆ ತಳ್ಳಿ, "ಇದನ್ನ ನೀನೇ ನೋಡ್ಕೊಳಮ್ಮ" ಎಂದು ಎದ್ದು ಕೋಣೆಗೆ ಹೋದರು.

ಎಂಜಿನಿಯರ ವರದಿ ಬಂದದ್ದು ಅದಾದ ಕೆಲವು ದಿನಗಳಿಗೆ. ಕೂತು ಲೆಕ್ಕ ಹಾಕಿದೆ. ಬಂದ ಉತ್ತರ ನೋಡಿ ತಪ್ಪಾಯಿತೆಂದು ಮತ್ತೆ ಹಾಕಿದೆ. ಮೂರನೆಯ ಸಲವೂ ಅದೇ ಬಂದಾಗ ಪೆನ್ನು ಕೆಳಗಿಟ್ಟೆ. ಹೊಸ ನಿಯಮದಲ್ಲಿ ನಮಗೆ ತೆರಿಗೆ ಕಡಿಮೆಯಾಗುತ್ತಿತ್ತು! ಬೆಲೆ ಹಿಗ್ಗಿಸುವ ಸೌಲಭ್ಯ ತೆಗೆದದ್ದೇನೋ ನಿಜ. ಆದರೆ ಅದರ ಜೊತೆಗೆ ತೆರಿಗೆಯ ದರವನ್ನೂ ನೂರಕ್ಕೆ ಇಪ್ಪತ್ತರಿಂದ ಹನ್ನೆರಡೂವರೆಗೆ ಇಳಿಸಿದ್ದರು. ಚಿಕ್ಕಲಸಂದ್ರದಂಥ ಕಡೆ ಸೈಟಿನ ಬೆಲೆ ಏರಿದ ಪರಿಗೆ, ಆ ಹಿಗ್ಗಿಸುವ ಸೌಲಭ್ಯ ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆಯಾಗಿತ್ತು. ದರ ಇಳಿದದ್ದೇ ನಮಗೆ ದೊಡ್ಡ ಲಾಭ. ಬೆಲೆ ಅಷ್ಟು ಏರದ ಕಡೆಯವರಿಗೆ ಹೊಡೆತ ಬಿದ್ದೇ ಬೀಳುತ್ತಿತ್ತು. ಅವರೆಲ್ಲ ಗಲಾಟೆಯೆಬ್ಬಿಸಿದ ಮೇಲೆ ಸರ್ಕಾರ ಆಗಸ್ಟಿನಲ್ಲಿ, ಹಳೆಯ ಆಸ್ತಿಗೆ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಕಟ್ಟಿ ಎಂದು ತಿದ್ದುಪಡಿ ಮಾಡಿತು. ನಮಗೆ ಅದರ ಅಗತ್ಯವೂ ಬೀಳಲಿಲ್ಲ.

ಅಂದರೆ, ಆಷಾಢಕ್ಕೆ ಮುಂಚೆ ರಿಜಿಸ್ಟರ್ ಮಾಡಿಸಿದ್ದರೆ ಹೆಚ್ಚು ಕಟ್ಟಬೇಕಿತ್ತು. ಅತ್ತೆ ಕಾದದ್ದರಿಂದಲೇ ಉಳಿತಾಯವಾಗಿತ್ತು.

ಆ ಸಂಜೆ ಶೈಲಾಗೆ ಫೋನು ಮಾಡಿ ಹೇಳಿದೆ. ಅವಳು ಕಿರುಚಿದಳು, ನಕ್ಕಳು, ಅಮ್ಮನಿಗೆ ಕೊಡಿ ಕೊಡಿ ಎಂದಳು. ಸ್ಪೀಕರ್ ಹಾಕಿದೆ.

"ಅಮ್ಮಾ! ನಿನ್ನ ಆಷಾಢ ಸಖತ್ತಮ್ಮ! ಅತ್ತಿಗೆ ಹೇಳಿದ್ರು. ಇನ್ಮೇಲೆ ನೀನು ಹೇಳಿದ ದಿನವೇ ಎಲ್ಲಾ!"

"ಹೌದಾ? ಒಳ್ಳೇದಾಯ್ತು ಬಿಡು" ಎಂದು ಅತ್ತೆ ಫೋನನ್ನು ನನ್ನ ಕೈಗಿಟ್ಟರು.

ಶೈಲಾ ಅವತ್ತು ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುತ್ತಾಳೆಂದು ನಾನು ಕಾಯುತ್ತಿದ್ದೆ. ಅತ್ತೆಯೂ ಕಾಯುತ್ತಿದ್ದರೋ ಏನೋ. ಲೆಕ್ಕ ಸರಿಹೋಯಿತಲ್ಲ, ಇನ್ನೇನು ಎಂಬ ಸಂಭ್ರಮದಲ್ಲಿ ಅವಳಿಗೆ ಅದು ಹೊಳೆಯಲೇ ಇಲ್ಲ. ಇಷ್ಟು ದೊಡ್ಡ ಸರ್ಕಾರವೇ ತಿದ್ದಿಕೊಂಡಿತು, ನಿನಗೇನಾಗಿತ್ತೇ ಎಂದು ಅವಳನ್ನು ಕೇಳಬೇಕೆನಿಸಿತು. ಗಂಗಾಧರ ನನ್ನ ಕೈ ಒತ್ತಿ "ನೀನು ಮಧ್ಯ ಹೋಗ್ಬೇಡ, ತಾಯಿ ಮಗಳು ಸರಿಮಾಡ್ಕೋತಾರೆ" ಎಂದರು. ನನ್ನ ಗಂಡನಿಗೆ ಮನೆಯಲ್ಲಿ ದನಿ ಏರಿದರೆ ತಲೆನೋವು ಬರುತ್ತದೆ.

ಶ್ರಾವಣದಲ್ಲಿ ರಿಜಿಸ್ಟ್ರೇಷನ್ ಆಯಿತು. ಯಾವ ದಿನ ಎಂದು ಕೇಳಿದ್ದಕ್ಕೆ ಅತ್ತೆ, "ಅವರಿಗೆ ಯಾವತ್ತು ಅನುಕೂಲವೋ ಅವತ್ತು" ಎಂದಿದ್ದರು. ಸಿಕ್ಕ ಸಮಯ ಮಂಗಳವಾರ ಮಧ್ಯಾಹ್ನ, ನೇರ ರಾಹುಕಾಲ. ಅತ್ತೆ ಚಕಾರವೆತ್ತದೆ ಕ್ಯಾಮೆರಾ ಮುಂದೆ ಕೂತು, ಹೆಬ್ಬೆಟ್ಟು ಒತ್ತಿ, ಎದ್ದು ಬಂದರು. ಬಳಗದವರು ದಿನ ಕೇಳಿ ಫೋನು ಮಾಡಿದರೆ "ಕ್ಯಾಲೆಂಡರ್ ನಿಮ್ಮನೇಲೂ ಇದೆಯಲ್ಲಪ್ಪ" ಎನ್ನತೊಡಗಿದರು. ಮೊದಮೊದಲು ಜನ ತಮಾಷೆಯೆಂದುಕೊಂಡರು. ಆಮೇಲೆ ಫೋನುಗಳೇ ನಿಂತವು.

ಗೌರಿಹಬ್ಬಕ್ಕೆ ಮನೆ ಒರೆಸುವಾಗ ಅತ್ತೆಯ ಹಾಸಿಗೆ ಎತ್ತಿದೆ. ಕೆಳಗೆ ಬಿಪಿ ಮಾತ್ರೆಗಳು, ಸಕ್ಕರೆ ಕಾಯಿಲೆಯ ಮಾತ್ರೆಗಳು. ಗಂಗಾಧರ ದಿನಾ ಬೆಳಗ್ಗೆ ಅಮ್ಮನ ಅಂಗೈಗೆ ಹಾಕಿ ಆಫೀಸಿಗೆ ಹೋಗುತ್ತಿದ್ದ ಮಾತ್ರೆಗಳು. ಅವರು ನುಂಗಿರಲೇ ಇಲ್ಲ. ಎಣಿಸಿ ನೋಡಿದೆ, ಆಷಾಢದಿಂದ ಒಂದನ್ನೂ ನುಂಗಿರಲಿಲ್ಲ.

"ಏನತ್ತೆ ಇದು?" ಎಂದೆ.

"ಮರೆತುಹೋಗಿತ್ತು ಕಣೆ."

"ದಿನಾ ಮರೀತೀರಾ? ಮರೆತವರು ಹಾಸಿಗೆ ಕೆಳಗೆ ಬಚ್ಚಿಡ್ತಾರಾ?"

ಅವರು ಕಿಟಕಿಯ ಕಡೆ ತಿರುಗಿಕೊಂಡರು. "ಎಷ್ಟು ದಿನ ಅಂತ ನುಂಗೋದು ಹೇಳು" ಎಂದರು. ಬೈದೆ, ಕಣ್ಣೀರು ಹಾಕಿದೆ, ಕಾಲು ಹಿಡಿದುಕೊಂಡೆ. ಮಗಳ ಒಂದು ಮಾತನ್ನು ಈ ಹೆಂಗಸು ಡಾಕ್ಟರ ಚೀಟಿಯಂತೆ ಅಕ್ಷರಶಃ ಪಾಲಿಸುತ್ತಿದ್ದಾರೆಂಬುದು ನನ್ನಿಂದ ಸಹಿಸಲಾಗಲಿಲ್ಲ. ಡಾಕ್ಟರ ಹತ್ತಿರ ಕರೆದೊಯ್ದೆವು, ಬಿಪಿ ಏರಿತ್ತು, ಅವರೂ ಗದರಿಸಿದರು. ಎದುರಿಗೆ ನಿಂತು ನುಂಗಿಸಿದರೆ ನುಂಗುತ್ತಿದ್ದರು, ಬೆನ್ನು ತಿರುಗಿಸಿದರೆ ಇಲ್ಲ. ಶೈಲಾಗೆ ಹೇಳಿಬಿಡುತ್ತೇನೆ ಎಂದಾಗ ಮಾತ್ರ ದನಿ ಗಟ್ಟಿಯಾಯಿತು. "ಅವಳಿಗೆ ಹೇಳಿದ್ರೆ ನನ್ನಾಣೆ" ಎಂದರು.

ಹೀಗೆ ದಸರೆ ಕಳೆಯಿತು, ದೀಪಾವಳಿ ಕಳೆಯಿತು. ಶೈಲಾ ಫ್ಲ್ಯಾಟು ಹುಡುಕುವುದರಲ್ಲಿ ಮುಳುಗಿದ್ದಳು. ಉತ್ತರಹಳ್ಳಿಯ ಹತ್ತಿರ ಒಂದು ಅವಳ ಮನಸ್ಸಿಗೆ ಬಂದಿತ್ತು. ಅತ್ತೆ ತೆಳ್ಳಗಾಗುತ್ತಿದ್ದರು, ಮೆಟ್ಟಿಲಲ್ಲಿ ಎರಡು ಸಲ ತಲೆ ತಿರುಗಿ ಕೂತಿದ್ದರು. ಇದು ಎಲ್ಲಿಗೆ ಹೋಗಿ ನಿಲ್ಲುತ್ತದೋ ಎಂಬ ಭಯದಲ್ಲಿ ನಾನು ಆಫೀಸಿನಿಂದ ದಿನಕ್ಕೆ ಎರಡು ಮೂರು ಸಲ ಫೋನು ಮಾಡುತ್ತಿದ್ದೆ.

ಕಾರ್ತಿಕದ ಒಂದು ಬೆಳಗ್ಗೆ, ಆಫೀಸಿನಲ್ಲಿ ಒಬ್ಬರನ್ನು ಕಳಿಸಿ "ಮುಂದಿನವರು ಬನ್ನಿ" ಎಂದೆ. ಬೆಂಚಿನಿಂದ ಅತ್ತೆ ಎದ್ದು ಬಂದರು! ಆ ಕಡಿದಾದ ಮೆಟ್ಟಿಲು ಹತ್ತಿ, ಗಿರಾಕಿಗಳ ಸಾಲಿನಲ್ಲಿ ಕೂತು, ತಮ್ಮ ಸರದಿಗೆ ಕಾದಿದ್ದರು. ಮದುವೆಯಾಗಿ ಬಂದ ಇಷ್ಟು ವರ್ಷಗಳಲ್ಲಿ ಅವರು ನನ್ನ ಆಫೀಸಿಗೆ ಕಾಲಿಟ್ಟದ್ದು ಅದೇ ಮೊದಲು.

"ಸೊಸೆ ಹತ್ರ ಬಂದಿಲ್ಲ, ಟ್ಯಾಕ್ಸ್ ಮೇಡಂ ಹತ್ರ ಬಂದಿದ್ದೀನಿ" ಎಂದು ಎದುರಿನ ಕುರ್ಚಿಯಲ್ಲಿ ಕೂತರು. "ಅವತ್ತೊಂದು ಹೇಳಿದ್ಯಲ್ಲ, ನನ್ನ ಹೆಸರಲ್ಲೇ ಮನೆ ಕೊಂಡ್ರೆ ತೆರಿಗೆ ಇಲ್ಲ ಅಂತ. ಈಗ್ಲೂ ಆಗುತ್ತಾ?"

"ಆಗುತ್ತೆ. ಆದ್ರೆ ಶೈಲಾ ಹೆಸರಲ್ಲಿ ಅಂತ..."

"ನನ್ನ ಹೆಸರಲ್ಲಿ. ಅವಳಿಗೆ ವಿಲ್ ಬರೀತೀನಿ. ನಾನಿರೋವರೆಗೂ ನನ್ನದು, ಆಮೇಲೆ ಅವಳದು."

ಇವರು ಮಗಳ ಮಾತನ್ನೇ ಕಾಗದಕ್ಕೆ ಇಳಿಸಿ ಮುದ್ರೆ ಒತ್ತಿಸಲು ಬಂದಿದ್ದಾರೆ. ನೀನಿರೋವರೆಗೂ ನನಗೆ ಮನೆ ಆಗಲ್ಲ ಎಂದಳಲ್ಲ, ಆಗದಿರಲಿ. ಇದು ಸೇಡು ಎಂದುಕೊಂಡೆ. ಇಷ್ಟು ಮೆತ್ತಗಿನ ಹೆಂಗಸಿನೊಳಗೆ ಇಂಥದ್ದೊಂದು ಕೂತಿತ್ತೇ ಎಂದು ಬೆರಗಾಯಿತು. ಭಯವೂ ಆಯಿತು.

"ಶೈಲಾಗೆ ಏನಂತ ಹೇಳ್ತೀರಿ ಅತ್ತೆ?"

"ನೀನೇ ಹೇಳು. ಟ್ಯಾಕ್ಸ್ ಉಳಿಯುತ್ತೆ ಅಂತ ಹೇಳು. ಅದು ಅವಳಿಗೆ ಬೇಗ ಅರ್ಥ ಆಗುತ್ತೆ."

ಗಿರಾಕಿಗೆ ಹೇಳುವಂತೆ ಎಲ್ಲವನ್ನೂ ಹೇಳಿದೆ. ಮಾರಿದ ಪೂರ್ತಿ ಹಣ ಮನೆಗೆ ಹೋಗಬೇಕು. ಮಾರ್ಚ್ ಮುಗಿಯುವುದರೊಳಗೆ ಮನೆ ಕೊಂಡುಬಿಟ್ಟರೆ ಆ ಹಣವನ್ನು ಬ್ಯಾಂಕಿನ ವಿಶೇಷ ಖಾತೆಯಲ್ಲಿ ಇಡುವ ತಾಪತ್ರಯವೂ ಇರುವುದಿಲ್ಲ. ಮತ್ತು ಕೊಂಡ ಮನೆಯನ್ನು ಮೂರು ವರ್ಷ ಬೇರೆಯವರ ಹೆಸರಿಗೆ ಮಾಡಿಕೊಡುವಂತಿಲ್ಲ, ಮಾಡಿಕೊಟ್ಟರೆ ಉಳಿಸಿದ ತೆರಿಗೆ ತಿರುಗಿ ಮೇಲೆ ಬೀಳುತ್ತದೆ.

ಅತ್ತೆ ಮುಂದಕ್ಕೆ ಬಾಗಿದರು. "ಮೂರು ವರ್ಷನಾ? ಅದರೊಳಗೆ ನನ್ನ ಕೈಯಿಂದ ಹೋಗೋ ಹಾಗಿಲ್ಲ?"

"ಇಲ್ಲ."

"ಸರಿಯಾಗಿ ನೋಡಿ ಹೇಳು."

"ಸರಿಯಾಗೇ ಹೇಳ್ತಿದ್ದೀನಿ ಅತ್ತೆ, ಮೂರು ವರ್ಷ."

ಮೂರು ಬೆರಳು ಮಡಿಸಿ ಎಣಿಸಿಕೊಂಡರು. ಆಮೇಲೆ "ಫೀಸು ಎಷ್ಟು?" ಎಂದರು. ನಾನು ರೇಗಿದೆ. ನಕ್ಕುಕೊಂಡು ಮೆಟ್ಟಿಲಿಳಿದರು. ಆಷಾಢದ ನಂತರ ಅವರು ನಕ್ಕದ್ದನ್ನು ಅವತ್ತೇ ನೋಡಿದ್ದು.

ಶೈಲಾಗೆ ವಿಷಯ ತಿಳಿಸಿದಾಗ ಅವಳು ಬಿಳ್ಚಿಕೊಂಡಳು. "ನೀವೇ ಹೇಳ್ಕೊಟ್ರಾ ಅತ್ತಿಗೆ?" ಎಂದಳು. ನನಗೆ ಉರಿದುಹೋಯಿತು. ವಿಲ್ಲಿನ ಮಾತನ್ನೂ ಹೇಳಿದೆ. "ಅಂದ್ರೆ ಅಮ್ಮ ಹೋದ್ಮೇಲೆ..." ಎಂದು ಶುರುಮಾಡಿದವಳು ನಡುವೆಯೇ ನಿಲ್ಲಿಸಿದಳು. ತಾನು ಆಡಿದ್ದು ಅವಳಿಗೆ ತಿರುಗಿ ಕೇಳಿಸಿತೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಂದಿನಿಂದ ಅವಳು ನಮ್ಮ ಮನೆಗೆ ಬರುವುದೇ ಅಪರೂಪವಾಯಿತು. ಬಂದರೂ ಅಮ್ಮನ ಕಣ್ಣು ತಪ್ಪಿಸಿ ಅಡುಗೆಮನೆಯಲ್ಲೇ ಸುಳಿದಾಡಿ ಹೋಗುತ್ತಿದ್ದಳು.

ಉತ್ತರಹಳ್ಳಿಯ ಫ್ಲ್ಯಾಟನ್ನೇ ಕೊಂಡೆವು, ಅತ್ತೆಯ ಹೆಸರಿನಲ್ಲಿ. ಶಿವರಾತ್ರಿ ಕಳೆದ ಮೇಲೆ ರಿಜಿಸ್ಟರ್ ಆಯಿತು. ಈ ನಡುವೆ ಹೊಸ ಬಜೆಟ್ ಬಂದು, ಹನ್ನೆರಡು ಲಕ್ಷದವರೆಗೆ ತೆರಿಗೆಯೇ ಇಲ್ಲವೆಂದು ಊರೆಲ್ಲ ಕುಣಿಯುತ್ತಿತ್ತು. ಅದು ಮುಂದಿನ ವರ್ಷದ ಆದಾಯಕ್ಕೆ ಕಣ್ರೀ, ಈ ವರ್ಷದ್ದು ಕಟ್ಟಲೇಬೇಕು ಎಂದು ಮಾರ್ಚ್ ಪೂರ್ತಿ ಕೂಗಿ ನನ್ನ ಗಂಟಲು ಹೋಗಿತ್ತು. ಮನೆಯಲ್ಲಿ ಒಂದು ವಿಚಿತ್ರ ಮಾತ್ರ ನಡೆಯುತ್ತಿತ್ತು. ಅತ್ತೆ ತಾವಾಗಿಯೇ ಮಾತ್ರೆ ಕೇಳಿ ತೆಗೆದುಕೊಳ್ಳುತ್ತಿದ್ದರು. ಹಾಸಿಗೆಯ ಕೆಳಗೆ ಏನೂ ಇರಲಿಲ್ಲ. ಬೆಳಗ್ಗೆ ಪಾರ್ಕಿನಲ್ಲಿ ನಡೆಯಲೂ ಶುರುಮಾಡಿದ್ದರು. ಡಾಕ್ಟರ ಗದರಿಕೆ ಕೊನೆಗೂ ಹತ್ತಿತು ಎಂದು ನಾವು ಸಮಾಧಾನಪಟ್ಟೆವು.

ಗೃಹಪ್ರವೇಶ ಒಂದು ಭಾನುವಾರ. ದಿನ ಹೇಳಮ್ಮ ಎಂದು ಶೈಲಾ ಅಂಜುತ್ತಲೇ ಕೇಳಿದಾಗ, ಎಲ್ಲರಿಗೂ ರಜ ಇರೋ ದಿನ ಮಾಡು ಎಂದಿದ್ದರು. ಮಠದಿಂದ ಅಯ್ಯನವರು ಬಂದು ಪೂಜೆ ಮುಗಿಸಿದರು. ಒಲೆ ಹೊತ್ತಿಸಿ ಹಾಲಿಟ್ಟು ಅತ್ತೆ ನಿಂತಿದ್ದರು, ಪಕ್ಕದಲ್ಲಿ ನಾನು. "ಬಾರೇ, ನೀನೇ ಉಕ್ಕಿಸು" ಎಂದು ಅತ್ತೆ ಮಗಳನ್ನು ಕರೆದರು. ಶೈಲಾ ಅಡುಗೆಮನೆಯ ಬಾಗಿಲಲ್ಲಿ ನಿಂತವಳು ಒಳಗೆ ಬರಲಿಲ್ಲ.

"ಅಮ್ಮ, ಅವತ್ತು ನಾನು ಹಾಗಂದಿದ್ದು... ನನ್ನ ಬಾಯಿಗೆ ಹುಳ ಬೀಳ್ಲಿ. ನಂಗೆ ಈ ಮನೆ ಬೇಡಮ್ಮ. ಯಾವತ್ತೂ ಬೇಡ. ನೀನಿರು ಸಾಕು."

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಹೋಗಿ ಅವಳ ಗಲ್ಲ ಹಿಡಿದರು. "ಒಳ್ಳೆ ದಿನ ಅಳ್ತಾರೇನೇ? ನಾನಂತೂ ಮೂರು ವರ್ಷ ಎಲ್ಲೂ ಹೋಗೋ ಹಾಗಿಲ್ಲ. ನಿಮ್ಮತ್ತಿಗೆ ವೀಣಾ ಹೇಳಿದಾಳೆ, ಮೂರು ವರ್ಷದೊಳಗೆ ಮನೆ ನನ್ನ ಕೈ ಬಿಟ್ರೆ ಅಷ್ಟೂ ಟ್ಯಾಕ್ಸು ನಿನ್ನ ತಲೆ ಮೇಲೆ ಬೀಳುತ್ತೆ ಅಂತ. ಅದಕ್ಕೇ ಮಾತ್ರೆ ತಪ್ಪಿಸ್ತಿಲ್ಲ ನಾನು. ವಾಕಿಂಗೂ ಹೋಗ್ತಿದ್ದೀನಿ. ಮೂರು ವರ್ಷ ಇದ್ದೇ ಇರ್ತೀನಿ, ನೋಡ್ತಿರು."

ನಾನು ಒಲೆಯ ಮುಂದೆ ಕಲ್ಲಾಗಿ ನಿಂತೆ. ಕಾರ್ತಿಕದ ಬೆಳಗ್ಗೆ ಅವರು ನನ್ನ ಮೇಜಿನ ಮುಂದೆ ಬಾಗಿ ಮತ್ತೆ ಮತ್ತೆ ಕೇಳಿದ್ದು ಇದಕ್ಕೆ. ಸಾಯಲು ಹೊರಟಿದ್ದ ಹೆಂಗಸು ನನ್ನ ಆ ನಿಯಮ ಕೇಳಿ ಬದುಕಲು ತೀರ್ಮಾನಿಸಿದ್ದರು. ಸೇಡು ಎಂದುಕೊಂಡಿದ್ದೆನಲ್ಲ, ನಾಚಿಕೆಯಾಯಿತು. ಶೈಲಾ ಅಮ್ಮನ ಹೆಗಲಿಗೆ ಮುಖ ಒತ್ತಿ ಬಿಕ್ಕುತ್ತಿದ್ದಳು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು, ಮೂವರಲ್ಲಿ ಯಾರೂ ಉರಿ ತಗ್ಗಿಸಲಿಲ್ಲ.

ಕಾನೂನು ಹಾಗಿಲ್ಲ. ಮಾರಿದರೆ, ದಾನ ಕೊಟ್ಟರೆ ಆ ಮಾತು. ಮನೆಯ ಒಡೆಯರು ತೀರಿಕೊಂಡು ಆಸ್ತಿ ಮಕ್ಕಳಿಗೆ ಬಂದರೆ ಅದು ಮಾರಾಟವಲ್ಲ, ಒಂದು ಪೈಸೆ ತೆರಿಗೆಯೂ ಬೀಳುವುದಿಲ್ಲ. ಯಾವ ಗಿರಾಕಿ ತಪ್ಪು ತಿಳಿದುಕೊಂಡಿದ್ದರೂ ನಡುವೆಯೇ ಬಾಯಿ ಹಾಕಿ ತಿದ್ದುವವಳು ನಾನು. ಅವತ್ತು ಬಟ್ಟೆ ತೆಗೆದುಕೊಂಡು ಚೆಲ್ಲಿದ ಹಾಲು ಒರೆಸಿದೆ.

ಈಗ ಶೈಲಾಳ ಸಂಸಾರ ಆ ಮನೆಯಲ್ಲಿದೆ. ಅತ್ತೆ ಅರ್ಧ ವಾರ ಅಲ್ಲಿ, ಅರ್ಧ ವಾರ ನಮ್ಮಲ್ಲಿ. ಈ ಏಪ್ರಿಲಿನಿಂದ ಆದಾಯ ತೆರಿಗೆಯ ಕಾಯ್ದೆಯೇ ಹೊಸದಾಗಿದೆ, ಸೆಕ್ಷನ್ನುಗಳ ನಂಬರೆಲ್ಲ ಬದಲಾಗಿ ನಾನು ಮತ್ತೆ ಶಾಲೆಗೆ ಸೇರಿದವಳಂತೆ ಓದುತ್ತಿದ್ದೇನೆ. ಚಿಕ್ಕಲಸಂದ್ರದಿಂದ ಬಂದ ಸಂಜೆಯೂ ಪುಸ್ತಕ ಹಿಡಿದು ಕೂತಿದ್ದೆ. ಅತ್ತೆ ಮಾತ್ರೆ ಬಾಯಿಗೆ ಹಾಕಿಕೊಂಡು, ನೀರಿನ ಲೋಟ ಕೈಯಲ್ಲಿ ಹಿಡಿದು ಬಂದು ಪಕ್ಕದಲ್ಲಿ ನಿಂತರು.

"ಹೊಸ ಕಾನೂನು ಬಂದಿದೆಯಂತಲ್ಲ. ಇದರಲ್ಲೂ ಮೂರೇ ವರ್ಷನಾ?"

"ಇಲ್ಲ ಅತ್ತೆ," ಎಂದೆ, ಪುಸ್ತಕದಿಂದ ಕಣ್ಣು ತೆಗೆಯದೆ. "ಈಗ ಹತ್ತು ಮಾಡಿದಾರೆ."